ಬಂಡೆಮ್ಮನ ಐದನೆಯ ಗಂಟು

ಕಮಲಾಪುರದ ಬಸ್ ನಿಲ್ದಾಣದಿಂದ ದಿನಾ ಬೆಳಿಗ್ಗೆ ಆರೂವರೆಗೆ ಕಲಬುರಗಿಯ ಮೇಲೆ ಒಂದು ದಂಡು ಹೊರಡುತ್ತದೆ. ದಂಡಿನಲ್ಲಿ ಇರುವುದು ಒಬ್ಬಳೇ, ಸಿಸ್ಟರ್ ಬಂಡೆಮ್ಮ. ಆನೆಗೆ ಬದಲು ಕೆಂಪು ಬಸ್ಸು, ಅಂಬಾರಿಗೆ ಬದಲು ಡ್ರೈವರನ ಹಿಂದಿನ ಸೀಟು, ಕೈಯಲ್ಲಿ ಕತ್ತಿಗೆ ಬದಲು ಮಡಚಿದ ಕೊಡೆ. ಆ ಸೀಟು ಇಪ್ಪತ್ತೆರಡು ವರ್ಷದಿಂದ ಅವಳದು. ಒಮ್ಮೆ ಹೊಸ ಕಂಡಕ್ಟರ್ ಒಬ್ಬ ಅಲ್ಲಿ ಬೇರೆಯವರನ್ನು ಕೂರಿಸಿದ್ದ. ಬಂಡೆಮ್ಮ ಜಗಳ ತೆಗೆಯಲಿಲ್ಲ. ಅವನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, ಇಡೀ ಬಸ್ಸಿಗೆ ಕೇಳುವಂತೆ, "ತಮ್ಮಾ, ನಿನಗ ರಕ್ತ ಕಡಿಮಿ ಅದ. ಜಂತಿನ ಗುಳಿಗಿ ತಗೊಂಡು ಎಷ್ಟು ವರ್ಷ ಆಯ್ತು?" ಎಂದು ವಿಚಾರಿಸಿದಳು. ಮರುದಿನದಿಂದ ಸೀಟು ಖಾಲಿಯೇ ಇರುತ್ತದೆ.

ಬಸ್ಸು ಅವಳನ್ನು ಒಯ್ದು ಇಳಿಸುವುದು ಕಲಬುರಗಿಯ ಒಂದು ಆಸ್ಪತ್ರೆಯ ಹತ್ತಿರ. ಅಲ್ಲಿ ಹದಿನಾಲ್ಕು ಹಾಸಿಗೆಗಳ ಐಸಿಯು ಇದೆ. ಆ ಹದಿನಾಲ್ಕು ಹಾಸಿಗೆಗಳೇ ಬಂಡೆಮ್ಮನ ರಾಜ್ಯ. ರಾಜ್ಯವೆಂದ ಮೇಲೆ ಶತ್ರು ಬೇಕಲ್ಲ. ಬಂಡೆಮ್ಮನ ಶತ್ರು ರೋಗಿಗಳ ಹೊಟ್ಟೆಯೊಳಗೆ ಕೂತಿರುತ್ತದೆ.

ಆ ಶತ್ರುವಿನ ಪರಿ ಹೀಗೆ. ಮನುಷ್ಯ ದೊಡ್ಡ ಗಂಡಾಂತರದಲ್ಲಿ ಬಿದ್ದಾಗ, ಪುಪ್ಪುಸ ಕೆಟ್ಟು ಯಂತ್ರವೇ ಉಸಿರಾಡಿಸುತ್ತಿರುವಾಗ, ದೇಹ ಇದ್ದಬದ್ದ ರಕ್ತವನ್ನೆಲ್ಲ ಮಿದುಳಿಗೂ ಹೃದಯಕ್ಕೂ ಅಟ್ಟುತ್ತದೆ. ಹೊಟ್ಟೆಯ ಪಾಲು ಕಡಿತವಾಗುತ್ತದೆ. ಪಾಲು ತಪ್ಪಿದ ಹೊಟ್ಟೆ ತನ್ನ ಹುಳಿಯಿಂದ ತನ್ನ ಗೋಡೆಯನ್ನೇ ತಿನ್ನತೊಡಗುತ್ತದೆ. ಊರಿಗೆ ದರೋಡೆಕೋರರು ಬಂದರೆಂದು ಕೇಳಿ ಕಾವಲುಗಾರ ಗಾಬರಿಯಲ್ಲಿ ಊರಿನ ಕಣಜಕ್ಕೇ ಬೆಂಕಿ ಇಟ್ಟಂತೆ. ಹುಣ್ಣಾಗುತ್ತದೆ, ಕೆಲವರಿಗೆ ಅದು ಒಡೆದು ರಕ್ತ ಸುರಿಯುತ್ತದೆ. ನೂರು ಮಂದಿಯಲ್ಲಿ ಎರಡೋ ಮೂರೋ ಮಂದಿಗೆ ಮಾತ್ರ ಅದು ಪ್ರಾಣಕ್ಕೆ ಬರುವಷ್ಟಾಗುತ್ತದೆ. ಆ ಇಬ್ಬರು ಮೂವರು ಯಾರು ಎಂದು ಮೊದಲೇ ಹೇಳುವುದೇ ಕಷ್ಟ. ಬಂಡೆಮ್ಮ ಹೇಳುತ್ತಿದ್ದಳು.

ಹೇಳಲು ಕಲಿತದ್ದು ಒಂದು ಸಾವಿನಿಂದ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಬೆಳಿಗ್ಗೆ ಅವಳೇ ಮುಖ ಒರೆಸಿ ತಲೆ ಬಾಚಿದ್ದ ಮುದುಕರೊಬ್ಬರು ಮಧ್ಯಾಹ್ನದೊಳಗೆ ಹೊಟ್ಟೆಯ ರಕ್ತ ಹರಿದು ತೀರಿಕೊಂಡರು. ಡಾಕ್ಟರರು "ಹಿಂಗ ಆಗ್ತದಂತ ಯಾರಿಗೆ ಗೊತ್ತಿತ್ತು?" ಎಂದರು. ಆ ಮಾತು ಅವಳಿಗೆ ಹಿಡಿಸಲಿಲ್ಲ. ಊರಿಗೆ ಬಂದು ತಾಯಿಯ ಮುಂದೆ ಅತ್ತಳು. ತಾಯಿ ಭೀಮಬಾಯಿ ತೊಗರಿ ಹೊಲಗಳಲ್ಲಿ ಕಳೆ ತೆಗೆಯುವ ಹೆಂಗಸರ ತಂಡಕ್ಕೆ ನಾಯಕಿ. ಅಕ್ಷರ ಬರುತ್ತಿರಲಿಲ್ಲ. ಯಾವ ಎಮ್ಮೆ ಎಂದು ಈಯಬೇಕು, ಯಾವ ಸೊಸೆಗೆ ಎಷ್ಟನೇ ತಿಂಗಳು, ಎಲ್ಲ ಅವಳ ಸೆರಗಿನ ಗಂಟಿನಲ್ಲಿ ಇರುತ್ತಿತ್ತು. ಮಗಳ ಕಣ್ಣು ಒರೆಸಿ, "ಹುಚ್ಚೀ, ಮಳಿ ಬರೂ ಮುಂಚೆ ಇರಿವಿ ಸಾಲು ಕಟ್ತಾವ. ನಿನ್ನ ಮುದುಕನ ಮೈಯಾಗೂ ಏನರ ಸಾಲು ಕಟ್ಟಿರ್ಬೇಕು. ನೋಡಿದ್ದೆಲ್ಲಾ ಗಂಟು ಹಾಕಿ ಇಟ್ಕೋ," ಎಂದಳು.

ಮಗಳು ಅಕ್ಷರಶಃ ಹಾಗೇ ಮಾಡಿದಳು. ಪ್ರತಿ ಹಾಸಿಗೆಯ ಕಂಬಿಗೆ ಗೇಣುದ್ದದ ಒಂದು ಬಿಳಿ ಬ್ಯಾಂಡೇಜ್ ಪಟ್ಟಿ. ರೋಗಿ ವೆಂಟಿಲೇಟರಿನ ಮೇಲೆ ಎರಡು ದಿನ ದಾಟಿದರೆ ಒಂದು ಗಂಟು. ಬಿ.ಪಿ. ಬಿದ್ದು ಔಷಧಿಯ ಆಸರೆಯಲ್ಲಿ ನಿಂತರೆ ಇನ್ನೊಂದು. ರಕ್ತ ಹೆಪ್ಪುಗಟ್ಟುವುದು ಕೆಟ್ಟರೆ ಒಂದು, ಮೂತ್ರಪಿಂಡ ಕೈಕೊಟ್ಟರೆ ಒಂದು, ಮೂಗಿನ ನಳಿಗೆಯಲ್ಲಿ ಗಂಜಿ ಹೋಗದೆ ಹೊಟ್ಟೆ ಬರಿದೇ ಉಳಿದರೆ ಒಂದು, ಹೊಟ್ಟೆ ಕೆಡಿಸುವ ಗುಳಿಗೆ ನುಂಗುವ ಚಟವಿದ್ದರೆ ಇನ್ನೂ ಒಂದು. ಮೂರು ಗಂಟಾದರೆ ಕಣ್ಣಿಡಬೇಕು. ಐದಾದರೆ ರಕ್ತದ ಬಾಟಲಿ ತರಿಸಿಟ್ಟುಕೊಂಡು ಕಾಯಬೇಕು. ಗಂಟಾದರೂ ಎಂಥದ್ದು! ಜೋಳದ ಸಿವುಡು ಕಟ್ಟುವ ಗಂಟು, ತಾಯಿ ಕಲಿಸಿದ್ದು. ಎತ್ತು ಎಳೆದರೂ ಜಾರದು. ಇಪ್ಪತ್ತೆರಡು ವರ್ಷದಲ್ಲಿ ಆ ಪಟ್ಟಿಗಳು ಹೇಳಿದ ಭವಿಷ್ಯ ತಪ್ಪಿದ್ದು ಕಡಿಮೆ. ಹಾಗೆಂದು ಬಂಡೆಮ್ಮ ಯಾರ ಮುಂದೂ ಜಂಬ ಕೊಚ್ಚಿಕೊಳ್ಳುತ್ತಿರಲಿಲ್ಲ. ಯಾರಾದರೂ ಕೇಳಿದರೆ ಮಾತ್ರ ಅರ್ಧ ತಾಸು ಹೇಳುತ್ತಿದ್ದಳು.

ಈ ರಾಜ್ಯಕ್ಕೆ ಹೋದ ವರ್ಷ ಡಾಕ್ಟರ್ ಗುರುಪ್ರಸಾದ ಬಂದರು. ಕಲಬುರಗಿಯದೇ ಖೂಬಾ ಪ್ಲಾಟ್ ಬಡಾವಣೆಯ ಹುಡುಗ, ಐಸಿಯು ವಿದ್ಯೆಯನ್ನೇ ಬೇರೆ ಓದಿ ಬಂದವರು, ವಯಸ್ಸು ಮೂವತ್ತೆರಡು. ಬಂದವರೇ ಪಟ್ಟಿ ಹಿಡಿದು ನೋಡಿ, "ಸಿಸ್ಟರ್, ಇದೇನ್ರೀ? ತಾಯತಾ?" ಎಂದರು.

"ತಾಯತ ಕಟ್ಟಿದ್ರ ರೋಗಿ ಕೊರಳಿಗಿ ಕಟ್ತಿದ್ದೆ ಸಾಹೇಬ್ರ. ಇದು ನನ್ನ ನೆನಪು."

ಗುರುಪ್ರಸಾದ ಒಂದು ಅಚ್ಚಾದ ಹಾಳೆ ತೆಗೆದರು. ಅದರಲ್ಲಿ ಕೋಷ್ಟಕ, ಕೋಷ್ಟಕದಲ್ಲಿ ಅಂಕಗಳು. ಕೂಡಿಸಿದರೆ ಕಡಿಮೆ, ಮಧ್ಯಮ, ಹೆಚ್ಚು ಎಂದು ಅಪಾಯದ ಮೂರು ದರ್ಜೆ. "ನೋಡ್ರಿ, ಈ ಹಾಳಿ ನೂರಕ್ಕ ತೊಂಬತ್ತೇಳು ಸಲ ಖರೇ ಹೇಳ್ತದ."

"ನೂರು ಮಂದ್ಯಾಗ ತೊಂಬತ್ತೇಳು ಮಂದಿಗಿ ರಕ್ತ ಹೋಗಂಗೇ ಇಲ್ಲ," ಎಂದಳು ಬಂಡೆಮ್ಮ. "ಎಲ್ಲಾರಿಗೂ 'ಏನೂ ಆಗಂಗಿಲ್ಲ' ಅಂತ ತಲಿ ಆಡಿಸಿದ್ರ ನಮ್ಮ ಎಮ್ಮಿನೂ ತೊಂಬತ್ತೇಳು ಸಲ ಖರೇ ಹೇಳ್ತದ. ಉಳದ ಮೂರು ಮಂದಿ ಯಾರು? ಅದನ್ನ ಹೇಳ್ತದೇನ್ರಿ ನಿಮ್ಮ ಹಾಳಿ?"

ಪಕ್ಕದಲ್ಲಿ ಇಂಜೆಕ್ಷನ್ ತುಂಬುತ್ತಿದ್ದ ಸಿಸ್ಟರ್ ಮುಬಶ್ಶಿರಾಳಿಗೆ ನಗು ತಡೆಯಲಾಗಲಿಲ್ಲ. ಮೋಮಿನಪುರದ ಈ ಮುಬಶ್ಶಿರಾ ಮಧ್ಯಾಹ್ನದ ಪಾಳಿಯ ಒಡತಿ. ಬಂಡೆಮ್ಮನನ್ನು 'ಬಾಜಿ' ಎಂದು, ಅಂದರೆ ಅಕ್ಕ ಎಂದು ಕರೆಯುವವಳು. "ಸಾಬ್, ಬಾಜಿ ಕೂಡ ವಾದ ನಕ್ಕೋ, ಮಾಡಬ್ಯಾಡ್ರಿ. ಆಕಿ ಎಮ್ಮಿನೂ ನರ್ಸಿಂಗ್ ಪಾಸ್ ಆಗ್ಯಾದ!"

ಗುರುಪ್ರಸಾದರೂ ನಕ್ಕರು. ಆದರೆ ಅವರು ಒಳ್ಳೆಯ ಓದುಗರು. ಎಮ್ಮೆಯ ಮಾತಿನಲ್ಲಿ ಹುರುಳಿದೆ ಎಂದು ಅವರಿಗೆ ಗೊತ್ತಾಯಿತು. ಹಾಗಾಗಿ ಪಂದ್ಯ ನಿಶ್ಚಯವಾಯಿತು. ಎರಡು ತಿಂಗಳು, ಬಂದ ಪ್ರತಿ ರೋಗಿಗೂ ಹಾಳೆಯ ಅಂಕ ಬೇರೆ, ಬಂಡೆಮ್ಮನ ಗಂಟು ಬೇರೆ. ಗಂಟಿನ ಲೆಕ್ಕವನ್ನು ಮುಬಶ್ಶಿರಾ ಸಂಜೆ ಬರೆದುಕೊಳ್ಳಬೇಕು. ಕೊನೆಯ ಶನಿವಾರ ಎಲ್ಲರ ಮುಂದೆ ತೀರ್ಪು. ಹಾಳೆ ಗೆದ್ದರೆ ಪಟ್ಟಿಗಳು ಕಸದ ಬುಟ್ಟಿಗೆ. ಗಂಟು ಗೆದ್ದರೆ ಹಾಳೆಯೇ ತಿದ್ದಿಕೊಳ್ಳಬೇಕು.

ಎರಡು ತಿಂಗಳಲ್ಲಿ ಒಬ್ಬ ರೋಗಿಗೆ ಮಾತ್ರ ಜೋರಾಗಿ ರಕ್ತ ಹೋಯಿತು. ಅವನಿಗೆ ಹಾಳೆ 'ಹೆಚ್ಚು' ಎಂದಿತ್ತು, ಪಟ್ಟಿಯಲ್ಲಿ ಐದು ಗಂಟು ಇದ್ದವು. ಇಬ್ಬರೂ ಸಮ. ತೀರ್ಪಿಗೆ ನಾಲ್ಕು ದಿನ ಉಳಿದಾಗ ಒಂಬತ್ತನೆಯ ಹಾಸಿಗೆಗೆ ಗುಂಡಣ್ಣ ಬಂದ.

ಗುಂಡಣ್ಣ ಯಾರೆಂದು ಕಮಲಾಪುರದಲ್ಲಿ ಕೇಳಿದರೆ ಕೇಳಿದವರನ್ನೇ ಅನುಮಾನದಿಂದ ನೋಡುತ್ತಾರೆ. ಬಸ್ ನಿಲ್ದಾಣದ ಎದುರಿಗೆ, ಬೇವಿನ ಮರದ ಕೆಳಗೆ, ಕೆಂಪು ಬಾಳೆಹಣ್ಣಿನ ರಾಶಿಯ ಹಿಂದೆ ಒಂದು ಹಳದಿ ರುಮಾಲು ಕಾಣಿಸಿದರೆ ಅದರ ಕೆಳಗೆ ಇರುವವನೇ ಗುಂಡಣ್ಣ. ಬಂಡೆಮ್ಮ ಬಸ್ಸು ಹತ್ತುವ ಮುನ್ನ ಅವನ ಹತ್ತಿರ ನಾಲ್ಕು ಹಣ್ಣು ತಗೊಂಡು, ಎರಡು ಬೈಗುಳ ಕೊಟ್ಟು ಹೋಗುವುದು ವಾಡಿಕೆ. ಅಂಥವನು ಈಗ ನ್ಯುಮೋನಿಯಾ ಆಗಿ, ನಂಜು ಮೈಯೆಲ್ಲ ಹರಡಿ, ಬಾಯಲ್ಲಿ ವೆಂಟಿಲೇಟರಿನ ಕೊಳವೆ ಇಟ್ಟುಕೊಂಡು ಮಲಗಿದ್ದ. ಎದ್ದು ಬೈಗುಳಕ್ಕೆ ಬೈಗುಳ ಕೊಡಲಾರದ ಗುಂಡಣ್ಣನನ್ನು ನೋಡಿ ಬಂಡೆಮ್ಮ ಅವನ ಹಣೆ ಒರೆಸಿದಳು. ಇವನು ಊರಿಗೆ ನಡೆದುಕೊಂಡೇ ಬರಬೇಕು ಎಂದು ಅವಳು ಮನಸ್ಸಿನಲ್ಲೇ ಹಟ ತೊಟ್ಟಳು.

ಗುರುಪ್ರಸಾದ ಅವನ ಹೆಂಡತಿ ಅಂಬಮ್ಮನನ್ನು ಕರೆದು ಕೇಳಿದರು. "ಏನರ ಗುಳಿಗಿ ತಗೋತಿದ್ದರೇನಮ್ಮಾ?"

"ಇಲ್ಲರಿ ಯಪ್ಪಾ. ಶುಗರ್ ಇಲ್ಲ, ಬಿ.ಪಿ. ಇಲ್ಲ. ಗುಳಿಗಿ ಅಂದ್ರ ಅಂವಗ ಆಗಂಗೇ ಇಲ್ಲ."

ಹಾಳೆ ತುಂಬಿತು. ವೆಂಟಿಲೇಟರ್, ಬಿದ್ದ ಬಿ.ಪಿ., ಸೋತ ಮೂತ್ರಪಿಂಡ. ಅಪಾಯ ಮಧ್ಯಮ. ಹೊಟ್ಟೆಯ ಹುಳಿ ತಗ್ಗಿಸುವ ಔಷಧಿ ಎಲ್ಲರಿಗೂ ಕೊಡುವಷ್ಟೇ ಕೊಟ್ಟರು. ಬಂಡೆಮ್ಮನ ಪಟ್ಟಿಯಲ್ಲಿಯೂ ಆ ಮೂರು ಗಂಟು ಬಿದ್ದವು. ಶುಕ್ರವಾರ ಬೆಳಿಗ್ಗೆ ಗಂಜಿ ಹೊಟ್ಟೆಯಲ್ಲಿ ನಿಲ್ಲದೆ ನಳಿಗೆಯಲ್ಲಿ ವಾಪಸು ಬಂತು, ನಾಲ್ಕನೆಯ ಗಂಟು. ಮಧ್ಯಾಹ್ನ ಒಂದೂವರೆಗೆ ಊಟದ ಡಬ್ಬಿ ತೆರೆದ ಬಂಡೆಮ್ಮನ ಕೈಗೆ ಕೆಂಪು ಬಾಳೆಹಣ್ಣು ಬಂತು. ಸಿಪ್ಪೆ ಸುಲಿಯುತ್ತಿದ್ದಾಗ ಕಣ್ಣ ಮುಂದೆ ಬೇವಿನ ಮರ ಬಂತು, ಮರದ ಕೆಳಗೆ ಗುಂಡಣ್ಣ, ಅವನ ಒಂದು ಕೈಯಲ್ಲಿ ಚಹಾದ ಗ್ಲಾಸು, ಇನ್ನೊಂದು ಕೈಯಲ್ಲಿ...

ಮೊಣಕಾಲು ನೋವಿನ ಗುಳಿಗೆ! ದಿನಾ ಮುಂಜಾನೆ, ಬರೀ ಹೊಟ್ಟೆಯಲ್ಲಿ, ಕಿರಾಣಿ ಅಂಗಡಿಯಿಂದ ತಂದದ್ದು. ವರ್ಷದಿಂದ ನುಂಗುತ್ತಿದ್ದ. ನೋವು ಕೊಲ್ಲುವ ಆ ಗುಳಿಗೆಗಳು ಹೊಟ್ಟೆಯ ಗೋಡೆಯನ್ನೂ ಕೊರೆಯುತ್ತವೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಅಂಬಮ್ಮ ಸುಳ್ಳು ಹೇಳಿರಲಿಲ್ಲ. ಅವರ ಮನೆಯಲ್ಲಿ ಗುಳಿಗೆ ಎಂದರೆ ಡಾಕ್ಟರು ಬರೆದುಕೊಟ್ಟದ್ದು. ಮೊಣಕಾಲಿನದು ಎಲೆ ಅಡಿಕೆಯ ಲೆಕ್ಕದಲ್ಲಿ.

ಬಂಡೆಮ್ಮ ಹಣ್ಣು ಅಲ್ಲೇ ಇಟ್ಟು ಎದ್ದು ಐದನೆಯ ಗಂಟು ಹಾಕಿದಳು.

ಇಲ್ಲಿ ನಮ್ಮ ವೀರವನಿತೆ ಒಂದು ತಪ್ಪು ಮಾಡಿದಳು. ಆ ಕ್ಷಣವೇ ಗುರುಪ್ರಸಾದರ ಕೋಣೆಗೆ ಹೋಗಿ ಹೇಳಬೇಕಿತ್ತು. ಆದರೆ ನಾಳೆ ಶನಿವಾರ, ತೀರ್ಪಿನ ದಿನ. ಹಾಳೆಗೆ ಗೊತ್ತಿಲ್ಲದ ಐದನೆಯ ಗಂಟನ್ನು ಎಲ್ಲರ ಮುಂದೆ, ಇಸ್ಪೀಟಿನ ಹುಕುಂ ಎಲೆ ಬಡಿದಂತೆ ಬಡಿಯುವ ಆಸೆ ಬಂತು. ಹೇಗೂ ಐದು ಗಂಟು ನೋಡಿದ ಮುಬಶ್ಶಿರಾ ರಕ್ತ ತರಿಸುತ್ತಾಳೆ, ಅದು ಇಪ್ಪತ್ತೆರಡು ವರ್ಷದ ನಿಯಮ. ಎರಡು ಗಂಟೆಗೆ ಪಾಳಿ ಬದಲಾದಾಗ ಮುಬಶ್ಶಿರಾ ಹೊಸ ರೋಗಿಯ ಗಡಿಬಿಡಿಯಲ್ಲಿದ್ದಳು. "ಒಂಬತ್ತನೇದು ನೋಡವ್ವಾ, ಗಂಟೇ ಹೇಳ್ತಾವ!" ಎಂದು ದೂರದಿಂದ ಕೂಗಿ ಬಂಡೆಮ್ಮ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ನಾಳೆಯ ಭಾಷಣವನ್ನು ಮನಸ್ಸಿನಲ್ಲಿ ಎರಡು ಸಲ ಮಾಡಿ, ಎರಡು ಸಲವೂ ತಾನೇ ಚಪ್ಪಾಳೆ ತಟ್ಟಿಕೊಂಡಳು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಅವಳು ಒಳಗೆ ಬಂದಾಗ ಗುರುಪ್ರಸಾದ ಬಾಗಿಲಲ್ಲೇ ನಗುತ್ತಾ ನಿಂತಿದ್ದರು. "ಸಿಸ್ಟರ್, ಕೊನಿಗಿ ನನ್ನ ದಾರಿಗೇ ಬಂದ್ರಲ್ಲ! ಒಂಬತ್ತನೇದಕ್ಕ ನನ್ನ ಹಾಳಿನೂ ಮಧ್ಯಮ, ನಿಮ್ಮ ಪಟ್ಟಿನೂ ಮೂರೇ ಗಂಟು."

"ಮೂರು?"

ಬಂಡೆಮ್ಮ ಚಪ್ಪಲಿ ಬದಲಿಸುವುದನ್ನೂ ಮರೆತು ಓಡಿದಳು. ಪಟ್ಟಿಯಲ್ಲಿ ಮೂರೇ ಗಂಟು. ಅವುಗಳ ಕೆಳಗೆ ಎರಡು ಕಡೆ ಬಟ್ಟೆ ಸುಕ್ಕಾಗಿ, ಬಿಚ್ಚಿದ ಗುರುತು ಉಳಿದಿತ್ತು. ಸಿವುಡಿನ ಗಂಟು ತಾನಾಗಿ ಬಿಚ್ಚುವುದಿಲ್ಲ. ಹೊಲದಲ್ಲಿ ಸಿವುಡು ಕಟ್ಟಿ ಬಿಚ್ಚಿ ಗೊತ್ತಿರುವ ಕೈಯೇ ಬೇಕು. ಅಂಥ ಕೈಯೊಂದು ಬಾಗಿಲ ಹೊರಗಿನ ಬೆಂಚಿನ ಮೇಲೆ ಚಹಾ ಕುಡಿಯುತ್ತಾ ಕೂತಿತ್ತು.

"ಅಂಬವ್ವಾ! ಗುಂಡಣ್ಣನ ಹಾಸಿಗಿ ಗಂಟಿಗಿ ಯಾರು ಕೈ ಹಚ್ಚಿದ್ರು?"

ಅಂಬಮ್ಮನ ಮುಖ ಅರಳಿತು. "ನಾನೇ ಯಕ್ಕಾ! ನಿನ್ನೆ ನಾಲ್ಕಕ್ಕ ನೋಡ್ಲಾಕ ಒಳಗ ಬಿಟ್ಟಾಗ ಅಂವ ಎರಡು ಬೆರಳು ಆಡಿಸಿದ. ನೀ ಕಟ್ಟಿದ ಹರಕಿ ಮುಟ್ಟಿತಂತ ಕೈ ಮುಗದು ಎರಡು ಗಂಟು ಬಿಚ್ಚಿದೆ. ಪೂರಾ ಬಿಚ್ಚಿದ್ರ ದೇವರಿಗಿ ಅವಸರ ಮಾಡಿದಂಗ ಆಗ್ತದಂತ ಮೂರು ಬಿಟ್ಟೀನಿ."

ತಪ್ಪೆನ್ನಲು ಬಾರದು. ದರ್ಗಾದ ಜಾಲರಿಗೆ ದಾರ ಕಟ್ಟಿ ಬೇಡಿಕೊಳ್ಳುವುದು, ಬೇಡಿದ್ದು ಕೈಗೂಡಿದರೆ ಬಂದು ಬಿಚ್ಚುವುದು, ಈ ಊರಿನಲ್ಲಿ ಯಾವ ಜಾತಿಯವರಿಗೂ ಯಾರೂ ಕಲಿಸಬೇಕಾಗಿಲ್ಲ. ಕಂಬಿಗೆ ಕಟ್ಟಿದ ಬಟ್ಟೆ, ಬಟ್ಟೆಗೆ ಗಂಟು. ಅಂಬಮ್ಮ ನೋಡಿದ್ದನ್ನು ನೋಡಿದ ಹಾಗೇ ಓದಿದ್ದಳು. ಸಂಜೆ ಐದೂವರೆಗೆ ಬಿಡುವಾಗಿ ಬಂದ ಮುಬಶ್ಶಿರಾ ಮೂರು ಗಂಟು ಎಣಿಸಿ ಮೂರು ಎಂದು ಬರೆದುಕೊಂಡಿದ್ದಳು. ರಕ್ತ ತರಿಸಿರಲಿಲ್ಲ.

ಬಂಡೆಮ್ಮ ಒಂದು ಗಳಿಗೆ ನಿಂತಳು. ಈಗ ಗುರುಪ್ರಸಾದರ ಮುಂದೆ ಹೋಗಿ ಹೇಳಿದರೆ ಪಂದ್ಯ ಮುಗಿದಂತೆ. ಯಾರು ಬೇಕಾದರೂ ಬಿಚ್ಚಬಹುದಾದ ಗಂಟು ಎಂದು ಅವರು ನಗುತ್ತಾರೆ, ನಗುವುದು ನ್ಯಾಯವೂ ಹೌದು. ಹೇಳದಿದ್ದರೆ? ಒಳಗೆ ಗುಂಡಣ್ಣನ ಹೊಟ್ಟೆ ಯಾರ ಭಾಷಣಕ್ಕೂ ಕಾಯುವುದಿಲ್ಲ. ಅವಳು ನೆಟ್ಟಗೆ ಹೋದಳು.

"ಸಾಹೇಬ್ರ, ನನ್ನ ತಪ್ಪಾಗ್ಯಾದ. ಒಂಬತ್ತನೇದಕ್ಕ ಗಂಟು ಐದು ಇದ್ದವು. ಎರಡು ಬಿಚ್ಚಿ ಹೋಗ್ಯಾವ. ಗಂಜಿ ನಿಂತಿಲ್ಲ, ಅದು ನಾಲ್ಕನೇದು. ಐದನೇದು, ಅಂವ ವರ್ಷದಿಂದ ದಿನಾ ಖಾಲಿ ಹೊಟ್ಟಿಗಿ ಮೊಣಕಾಲು ನೋವಿನ ಗುಳಿಗಿ ನುಂಗ್ಯಾನ. ನನಗ ನಿನ್ನೆನೇ ನೆನಪಾಗಿತ್ತು. ಇವತ್ತ ಎಲ್ಲಾರ ಮುಂದ ಹೇಳಿ ನಿಮ್ಮ ಮುಖ ನೋಡ್ಬೇಕಂತ ಬಾಯಿ ಮುಚ್ಚಿಕೊಂಡಿದ್ದೆ. ಬೈಯೋದು ಆಮ್ಯಾಲ ಬೈರಿ. ಮೊದಲ ರಕ್ತ ತರಸ್ರಿ."

ಗುರುಪ್ರಸಾದ ನಗಲಿಲ್ಲ, ಬೈಯಲೂ ಇಲ್ಲ. ಅಂಬಮ್ಮನನ್ನು ಕರೆದು, ಮೊಣಕಾಲಿಗೆ ಏನು ನುಂಗುತ್ತಿದ್ದ ಎಂದು ಕೇಳಿದರು. ಅಂಬಮ್ಮ ಸೊಂಟದ ಚೀಲದಿಂದ ಅರ್ಧ ಖಾಲಿಯಾದ ಗುಳಿಗೆ ಹಾಳೆ ತೆಗೆದು ಅವರ ಅಂಗೈಯಲ್ಲಿ ಇಟ್ಟಳು. "ಇದಾ? ಇದು ಗುಳಿಗಿ ಅಲ್ಲರಿ, ಕಾಲಿಂದು."

ಹತ್ತು ನಿಮಿಷದಲ್ಲಿ ಹುಳಿ ತಗ್ಗಿಸುವ ಔಷಧಿ ಹೆಚ್ಚಾಯಿತು. ರಕ್ತನಿಧಿಗೆ ಗುಂಡಣ್ಣನ ರಕ್ತದ ಮಾದರಿ ಹೋಯಿತು. ಎಂಡೋಸ್ಕೋಪಿ ಮಾಡುವ ಡಾಕ್ಟರಿಗೆ ಊರು ಬಿಟ್ಟು ಹೋಗಬೇಡಿ ಎಂದು ಫೋನು ಹೋಯಿತು. ಹತ್ತೂಕಾಲಿಗೆ ಎರಡು ಬಾಟಲಿ ರಕ್ತ ಬಂದು ಕೂತಿತು. ಬಂಡೆಮ್ಮ ಒಂಬತ್ತನೆಯ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಉಳಿದ ಹಾಸಿಗೆಗಳನ್ನು ಬೇರೆಯವರು ಹಂಚಿಕೊಂಡರು.

ಹನ್ನೊಂದೂ ಇಪ್ಪತ್ತಕ್ಕೆ ಮೂಗಿನ ನಳಿಗೆಯಲ್ಲಿ ಕಪ್ಪು ಕಂದು ಬಣ್ಣ ಇಳಿಯಿತು. ಪುಸ್ತಕಗಳಲ್ಲಿ ಅದನ್ನು ಕಾಫಿಪುಡಿಯ ಬಣ್ಣ ಎನ್ನುತ್ತಾರೆ. ಕಾಫಿಯ ಗೊಡವೆಯಿಲ್ಲದ ಕಮಲಾಪುರದ ಬಂಡೆಮ್ಮ ಮೊದಲಿನಿಂದಲೂ ಅದನ್ನು ಸೋಸಿ ಉಳಿದ ಚಹಾದ ಚರಟ ಎಂದೇ ಕರೆಯುತ್ತಾಳೆ. "ಸಾಹೇಬ್ರ, ಚರಟ ಬಂತು!" ಎಂಬ ಕೂಗು ಮುಗಿಯುವುದರೊಳಗೆ ಕಂದು ಕೆಂಪಾಯಿತು. ಬಿ.ಪಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಆದರೆ ಶತ್ರು ಕೋಟೆಯ ಬಾಗಿಲು ಒಡೆದು ಒಳಗೆ ಬಂದಾಗ ಕೋಟೆಯ ದಂಡು ಆಗಲೇ ಕುದುರೆ ಹತ್ತಿ ನಿಂತಿತ್ತು. ಎರಡು ನಿಮಿಷದಲ್ಲಿ ಮೊದಲ ಬಾಟಲಿ ಏರಿತು. ಮುಕ್ಕಾಲು ತಾಸಿನಲ್ಲಿ ಎಂಡೋಸ್ಕೋಪಿ ಡಾಕ್ಟರು ಹೊಟ್ಟೆಯೊಳಗೆ ಒಸರುತ್ತಿದ್ದ ಹುಣ್ಣು ಹುಡುಕಿ ಪುಟ್ಟ ಕ್ಲಿಪ್ ಕಚ್ಚಿಸಿದರು. ಒಂದು ಗಂಟೆಗೆ ಬಿ.ಪಿ. ಮತ್ತೆ ಮೇಲೇರಿತು. ಬೇಗ ಬಂದಿದ್ದ ಮುಬಶ್ಶಿರಾ ಬಂಡೆಮ್ಮನ ಭುಜ ಹಿಡಿದು, "ಬಾಜಿ, ಮೂರೇ ಗಂಟು ಯಾಕ ಅಂತ ನಾ ನಿಮಗ ಫೋನರ ಮಾಡಿ ಕೇಳ್ಬೇಕಿತ್ತು," ಎಂದು ಕಣ್ಣು ಒರೆಸಿಕೊಂಡಳು.

"ನಾ ಬಾಯಿ ಬಿಟ್ಟು ಹೇಳ್ಬೇಕಿತ್ತವ್ವಾ. ಬಟ್ಟಿಗಿ ಬಾಯಿ ಇಲ್ಲ," ಎಂದಳು ಬಂಡೆಮ್ಮ.

ತೀರ್ಪು ಅದೇ ಮಧ್ಯಾಹ್ನ ನಡೆಯಿತು. ಗುರುಪ್ರಸಾದ ಎದ್ದು ನಿಂತು ಓದಿದರು: ಎರಡು ತಿಂಗಳಲ್ಲಿ ಅರವತ್ತೊಂದು ರೋಗಿಗಳು, ಜೋರಾಗಿ ರಕ್ತ ಹೋದವರು ಇಬ್ಬರು. ಹಾಳೆ ಒಬ್ಬನನ್ನು ಹಿಡಿಯಿತು, ಗಂಟು ಇಬ್ಬರನ್ನೂ ಹಿಡಿಯಿತು.

"ಗಂಟು ಒಂದು ಸಲ ಬಿಚ್ಚಿ ಹೋಗಿತ್ತು, ಅದನ್ನೂ ಬರೀರಿ," ಎಂದು ಬಂಡೆಮ್ಮ ಮಧ್ಯೆ ಬಾಯಿ ಹಾಕಿದಳು. "ಅಂಬವ್ವ ಬಿಚ್ಚಿದ್ದು ಎರಡು, ನಾ ಮುಚ್ಚಿಟ್ಟಿದ್ದು ಒಂದು."

ಗುರುಪ್ರಸಾದ ಬರೆದರು. ಆಮೇಲೆ ಅಚ್ಚಾದ ಹಾಳೆಯ ಕೆಳಗೆ ಪೆನ್ನಿನಿಂದ ಎರಡು ಸಾಲು ಸೇರಿಸಿದರು: 'ಗಂಜಿ ನಿಂತಿದೆಯೇ ನೋಡಿ.' 'ಗುಳಿಗೆ ಎಂದು ಕೇಳಬೇಡಿ. ಮೊಣಕಾಲಿಗೆ, ಸೊಂಟಕ್ಕೆ, ತಲೆಗೆ ಏನು ನುಂಗುತ್ತಾರೆ ಎಂದು ಮೂರು ಸಲ ಕೇಳಿ.' ಅದರ ಕೆಳಗೆ, 'ಹೇಳಿಕೊಟ್ಟವರು: ಸಿಸ್ಟರ್ ಬಂಡೆಮ್ಮ, ಕಮಲಾಪುರ' ಎಂದೂ ಬರೆದು ಸಹಿ ಮಾಡಿದರು. ಈಗ ಆ ಐಸಿಯುನಲ್ಲಿ ಹಾಳೆಯೂ ಇದೆ, ಪಟ್ಟಿಯೂ ಇದೆ. ಪಾಳಿ ಬದಲಾಗುವಾಗ ಎರಡನ್ನೂ ಗಟ್ಟಿಯಾಗಿ ಓದಿ ಹೇಳದೆ ಯಾರೂ ಬಸ್ಸು ಹಿಡಿಯುವ ಹಾಗಿಲ್ಲ. ಆ ನಿಯಮ ಮಾಡಿಸಿದವಳೂ ಬಂಡೆಮ್ಮನೇ. ಮನೆಗೆ ಹೋಗಿ, ಹಾಸಿಗೆ ಹಿಡಿದ ತಾಯಿಗೆ ಹಾಳೆಯ ಫೋಟೊ ತೋರಿಸಿದಳು. ಓದಲು ಬಾರದ ಭೀಮಬಾಯಿ ಮೊಬೈಲನ್ನು ಹಿಂದೆ ಮುಂದೆ ತಿರುಗಿಸಿ, "ಇದ್ರಾಗ ನಿನ್ನ ಹೆಸರು ಎಲ್ಲಿ ಅದ?" ಎಂದು ಕೇಳಿದಳು. ಮಗಳು ಬೆರಳಿಟ್ಟು ತೋರಿಸಿದಳು. ಮುದುಕಿ ಆ ಜಾಗವನ್ನು ಸೆರಗಿನಿಂದ ಒರೆಸಿ ಹೊಳಪು ಮಾಡಿದಳು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಬೇವಿನ ಮರದ ಕೆಳಗೆ ಹಳದಿ ರುಮಾಲು ಮತ್ತೆ ಕಾಣಿಸಿತು. ಸ್ವಲ್ಪ ಸೊರಗಿತ್ತು, ನಾಲಿಗೆ ಮಾತ್ರ ಸೊರಗಿರಲಿಲ್ಲ. "ಬಾ ಸಿಸ್ಟರಮ್ಮಾ, ಸತ್ತವನ ಅಂಗಡಿಗಿ ಬಾ. ಹಣ್ಣು ನಾಲ್ಕಲ್ಲ, ಇಡೀ ಗೊನಿ ಒಯ್ಯಿ!"

ಬಂಡೆಮ್ಮ ಹಣ್ಣಿನ ಕಡೆ ನೋಡಲೇ ಇಲ್ಲ. ನೇರವಾಗಿ ಅವನ ಅಂಗಿಯ ಕಿಸೆಗೆ ಕೈ ಹಾಕಿದಳು. ಕೈಯಲ್ಲಿ ಬಂದದ್ದು ಒಂದು ಹೊಸ ಗುಳಿಗೆ ಹಾಳೆ.

"ಇದು ಸೊಂಟದ್ದು," ಎಂದ ಗುಂಡಣ್ಣ, ಸಣ್ಣ ದನಿಯಲ್ಲಿ. "ಮೊಣಕಾಲಿಂದು ಬಿಟ್ಟೀನಲ್ಲ."

ಆ ಗುಳಿಗೆಗಳು ಬಂಡೆಮ್ಮನ ಚೀಲಕ್ಕೆ ಬಿದ್ದವು. ಅವಳು ಅವನ ಹೆಗಲ ಮೇಲಿನ ಟವೆಲ್ಲನ್ನು ಎಳೆದು, ತುದಿಗೆ ಒಂದು ಸಿವುಡಿನ ಗಂಟು ಬಿಗಿದಳು. ಅತ್ತ ಬಸ್ಸು ಹಾರನ್ ಹೊಡೆಯಿತು. ಹಣ್ಣಿನ ಬುಟ್ಟಿ ಹಿಡಿದು ಬಂದ ಅಂಬಮ್ಮ ಗಂಟು ನೋಡಿದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾ ಮುಟ್ಟಂಗಿಲ್ಲ ಯಕ್ಕಾ," ಎಂದಳು. "ಸೊಂಟದ್ದು, ಮೊಣಕಾಲಿಂದು, ಯಾವದೂ ತರಂಗಿಲ್ಲ, ಗಂಟಿಗಂತೂ ಕೈ ಹಚ್ಚಂಗೇ ಇಲ್ಲ."

ಬಂಡೆಮ್ಮ ನಾಲ್ಕು ಹಣ್ಣು ಎತ್ತಿಕೊಂಡು, ವಾಡಿಕೆಯ ಎರಡು ಬೈಗುಳ ಕೊಟ್ಟು, ತನ್ನ ಸೀಟಿನ ಕಡೆ ನಡೆದಳು. ಕಂಡಕ್ಟರ್ ಅದರ ಮೇಲಿನ ಧೂಳು ಒರೆಸುತ್ತಿದ್ದ.